ಹಸ್ತಪ್ರತಿ ಸೂಚಿಗಳಲ್ಲಿ ಯಂತ್ರಕೃತ ತಿದ್ದುಪಡಿ: ಒಂದು ವಿಮರ್ಶೆ

ಹಸ್ತಪ್ರತಿಗಳ ಸರ್ವೇಕ್ಷಣ, ಸೂಚೀಕರಣ ಮತ್ತು ಲಿಪ್ಯಂತರ ಕಾರ್ಯಗಳು ಗಣಕಯಂತ್ರದ ಆಶ್ರಯಕ್ಕೆ ಬಂದು ಬಹುಕಾಲವಾಯಿತು. ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದಾಗ ಯಂತ್ರದ ಕೆಲಸ ಬಹುಮಟ್ಟಿಗೆ ಛಾಯಾಪ್ರತಿ ತೆಗೆಯುವುದು, ಮನುಷ್ಯರು ಬರೆದುಕೊಟ್ಟ ನಮೂದುಗಳನ್ನು ಕೂಡಿಡುವುದು, ಕೇಳಿದಾಗ ತೆಗೆದುಕೊಡುವುದು ಇಷ್ಟಕ್ಕೆ ಸೀಮಿತವಾಗಿತ್ತು. ೨೦೨೫ರ ಕೇಂದ್ರ ಆಯವ್ಯಯದಲ್ಲಿ ಘೋಷಿತವಾದ ಜ್ಞಾನ ಭಾರತಂ ಯೋಜನೆಯ ಲಕ್ಷ್ಯ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳು. ಅಷ್ಟು ಕಟ್ಟುಗಳನ್ನು ಬಿಚ್ಚಿ ಓದಬಲ್ಲ ಪಂಡಿತರು ಇಂದು ಇಲ್ಲ. ಆದುದರಿಂದ ಕೃತಕ ಬುದ್ಧಿಮತ್ತೆಯ ನೆರವು ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಈಗ ಹೆಚ್ಚಿನ ಸ್ವಾರಸ್ಯ ಉಳಿದಿಲ್ಲ. ಆ ನೆರವಿಗೆ ಯಾವ ಅಧಿಕಾರವನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದು ಮಾತ್ರ ವಿಚಾರಣೀಯವಾಗಿದೆ.

ಇತ್ತೀಚೆಗೆ ಬಳಕೆಗೆ ಬಂದಿರುವ ‘ಏಜೆಂಟ್’ ಎಂಬ ಯಂತ್ರರೂಪಕ್ಕೂ ಹಿಂದಿನ ಗಣಕಕ್ಕೂ ಒಂದು ಮೂಲಭೂತ ಅಂತರವಿದೆ. ಹಿಂದಿನ ಯಂತ್ರ ಕೇಳಿದ್ದಕ್ಕೆ ಉತ್ತರವನ್ನು ಕೊಟ್ಟು ಸುಮ್ಮನಾಗುತ್ತಿತ್ತು. ಏಜೆಂಟ್ ಹಾಗಲ್ಲ. ಅದಕ್ಕೆ ಒಂದು ಗುರಿಯನ್ನು ಒಪ್ಪಿಸಿದರೆ, ಅದು ಆ ಗುರಿಯನ್ನು ತಾನೇ ಹಂತಗಳಾಗಿ ಒಡೆದುಕೊಂಡು, ತನಗೆ ಒದಗಿಸಿದ ಉಪಕರಣಗಳಲ್ಲಿ ಯಾವುದನ್ನು ಯಾವಾಗ ಬಳಸಬೇಕೆಂಬುದನ್ನು ತಾನೇ ನಿರ್ಧರಿಸುತ್ತದೆ. ಉಪಕರಣಗಳಲ್ಲಿ ಕೆಲವು ಓದುವಂಥವು, ಕೆಲವು ಬರೆಯುವಂಥವು, ಕೆಲವು ಅಳಿಸುವಂಥವು. ಓದುವ ಉಪಕರಣ ತಪ್ಪಿದರೆ ತಪ್ಪು ಉತ್ತರವೊಂದು ಹುಟ್ಟುತ್ತದೆ. ಓದುಗನು ಅದನ್ನು ತಿರಸ್ಕರಿಸಬಹುದು. ಬರೆಯುವ ಉಪಕರಣ ತಪ್ಪಿದರೆ ದತ್ತಾಂಶವೇ ಬದಲಾಗುತ್ತದೆ. ಮುಂದಿನ ಓದುಗನಿಗೆ ತಿರಸ್ಕರಿಸಲು ಏನೂ ಕಾಣುವುದಿಲ್ಲ. ಭೇದವಿರುವುದು ಇಲ್ಲಿ.

ಇದನ್ನು ಗ್ರಹಿಸಲು ತಿಂಥಣಿಯ ನಿದರ್ಶನ ಉಪಯುಕ್ತ. ತಿಂಥಣಿ ಜೈನಕ್ಷೇತ್ರವಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಕೃಷ್ಣಾ ನದಿಯ ದಡದ ಮೇಲಿರುವ ಆ ಊರು ಮೌನೇಶ್ವರರ ನೆಲೆ. ಹಾಗಿದ್ದರೂ ಸೂಚಿಕಾರನ ವಿವೇಕವನ್ನು ಒರೆಗೆ ಹಚ್ಚುವುದಕ್ಕೆ ಅಂಥ ಸ್ಥಳಗಳು ವಿರಳ. ಊರಿನ ಹೆಸರನ್ನೇ ತಿಂಥಣಿ, ತಿಂತಣಿ, ತಿಂಥಿಣಿ ಎಂದು ಮೂರು ಬಗೆಯಾಗಿ ಬರೆಯುವುದುಂಟು. ಸುರಪುರವು ಮೆಡೋಸ್ ಟೇಲರನ ಕಾಲದ ಆಂಗ್ಲ ಬರಹಗಳಲ್ಲಿ ಶೋರಾಪುರವಾಗಿದೆ. ಜಿಲ್ಲೆಯಾದರೋ ಮೊದಲು ಗುಲಬರ್ಗಾ. ೨೦೦೯-೧೦ರಲ್ಲಿ ಯಾದಗಿರಿ ಪ್ರತ್ಯೇಕವಾಯಿತು. ೨೦೧೪ರಲ್ಲಿ ಗುಲಬರ್ಗಾ ಎಂಬ ಹೆಸರೇ ಕಲಬುರಗಿಯಾಯಿತು. ಸಂತರ ಹೆಸರು ಮೌನೇಶ್ವರ, ಮೋನಪ್ಪಯ್ಯ ಎಂದಿರುವಂತೆಯೇ ಮೌನುದ್ದೀನ ಎಂದೂ ಇದೆ. ಜಾತ್ರೆಯ ಜಯಘೋಷ ದಖನಿ ಉರ್ದುವಿನಲ್ಲಿದೆ. ವಿಶ್ವಕರ್ಮರಿಗೂ ಮುಸಲ್ಮಾನರಿಗೂ ಅವರು ಸಮಾನವಾಗಿ ಪೂಜ್ಯರು.

ಈ ಸೀಮೆಯ ಕಟ್ಟುಗಳ ಸೂಚಿಯೊಂದನ್ನು ಏಜೆಂಟಿನ ಕೈಗೆ ಒಪ್ಪಿಸಿ, ಒಂದೇ ವ್ಯಕ್ತಿಯ, ಒಂದೇ ಸ್ಥಳದ ಭಿನ್ನರೂಪಗಳನ್ನು ಏಕರೂಪಗೊಳಿಸಬೇಕೆಂದು ಆದೇಶಿಸಿದರೆ ಏನಾದೀತು? ಗ್ರಂಥಾಲಯದ ದೃಷ್ಟಿಯಿಂದ ಅದು ನಿರಪಾಯವಾದ, ಅಪೇಕ್ಷಣೀಯವೂ ಆದ ಆದೇಶ. ಏಜೆಂಟ್ ಎಲ್ಲವನ್ನೂ ‘ಮೌನೇಶ್ವರ, ತಿಂಥಣಿ, ಯಾದಗಿರಿ ಜಿಲ್ಲೆ’ ಎಂದು ಮಾಡಿ ಮುಗಿಸುತ್ತದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಯಾವ ಕಟ್ಟಿನ ಮೇಲೆ ಮೌನುದ್ದೀನ ಎಂಬ ರೂಪವಿತ್ತೋ ಆ ಕಟ್ಟು ಯಾರ ಮನೆಯಲ್ಲಿ, ಯಾವ ಭಕ್ತವರ್ಗದಲ್ಲಿ ಓದಲ್ಪಡುತ್ತಿತ್ತು ಎಂಬುದಕ್ಕಿದ್ದ ಸಾಕ್ಷ್ಯ ನಷ್ಟವಾಯಿತು. ಯಾವ ನಮೂದಿನಲ್ಲಿ ಗುಲಬರ್ಗಾ ಜಿಲ್ಲೆ ಎಂದಿತ್ತೋ ಆ ನಮೂದು ಯಾವ ಕಾಲದ್ದೆಂದು ಊಹಿಸಲು ಇದ್ದ ಆಧಾರವೂ ಹೋಯಿತು. ಗದಗ ಸೀಮೆಯ ವರವಿಯ ಮೌನೇಶ್ವರನ ಗುಡಿಗೆ ಸಂಬಂಧಿಸಿದ ಕಟ್ಟೇನಾದರೂ ಅದೇ ಸೂಚಿಯಲ್ಲಿದ್ದರೆ ಅದೂ ಕೃಷ್ಣೆಯ ದಡಕ್ಕೆ ಬಂದು ಸೇರಬಹುದು. ಅದೇ ಸುರಪುರ ಸೀಮೆಯ ಕೊಡೇಕಲ್ಲಿನ ಕಾಲಜ್ಞಾನ ಪರಂಪರೆಯಲ್ಲಿ ಅಮರಗನ್ನಡವೆಂಬ ಗೂಢಬರಹ ಬಳಕೆಯಲ್ಲಿತ್ತು. ಅದನ್ನು ಕಂಡ ಯಂತ್ರ ಲಿಪಿದೋಷವೆಂದು ತಿಳಿದು ತಿದ್ದತೊಡಗಿದರೆ ಆಶ್ಚರ್ಯವಿಲ್ಲ; ಗೂಢವಾಗಿ ಬರೆದದ್ದನ್ನು ಸುಬೋಧಗೊಳಿಸುವುದು ಅದರ ಸ್ವಭಾವ.

ಜೈನ ವಾಙ್ಮಯದಲ್ಲಿ ಇಂಥ ಸಂಕಟಕ್ಕೆ ದೂರ ಹೋಗಬೇಕಿಲ್ಲ. ಪುನ್ನಾಟ ಸಂಘದ ಜಿನಸೇನರು ಶಕ ೭೦೫ರಲ್ಲಿ, ಎಂದರೆ ಕ್ರಿ.ಶ. ೭೮೩ರಲ್ಲಿ, ಹರಿವಂಶಪುರಾಣವನ್ನು ಮುಗಿಸಿದರು. ವೀರಸೇನರ ಶಿಷ್ಯರಾದ ಜಿನಸೇನರು ಜಯಧವಲೆಯನ್ನು ಪೂರ್ಣಗೊಳಿಸಿ ಆದಿಪುರಾಣವನ್ನು ರಚಿಸಿದರು. ಇಬ್ಬರನ್ನು ಒಬ್ಬರನ್ನಾಗಿಸುವುದು ಏಜೆಂಟಿಗೆ ಒಂದು ಕ್ಷಣದ ಕೆಲಸ. ಪ್ರಭಾಚಂದ್ರರು, ಪದ್ಮನಂದಿಗಳು ಎಷ್ಟು ಮಂದಿ ಎಂಬುದನ್ನು ಶಾಸನ ಮತ್ತು ಪಟ್ಟಾವಳಿಗಳ ಬಲದಿಂದ ಬಿಡಿಸಲು ವಿದ್ವಾಂಸರು ಪಟ್ಟ ಪಾಡು ಸರ್ವವಿದಿತವಾಗಿದೆ. ಹಾಗೆಯೇ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪ್ರತ್ಯೇಕವಾಗಿ ಎತ್ತಿ ಹೇಳಿರುವ ರಳವನ್ನು, ಶಕಟರೇಫವನ್ನು ಇಂದಿನ ಳಕಾರ ರಕಾರಗಳಾಗಿ ‘ಸರಿಪಡಿಸಿದ’ ಲಿಪ್ಯಂತರ ಓದಲು ಸುಲಭವಾಗಬಹುದು. ಪ್ರತಿಯ ಕಾಲನಿರ್ಣಯಕ್ಕೆ ಮಾತ್ರ ಅದರಿಂದ ಪ್ರಯೋಜನವಿಲ್ಲ. ತಾಡವೋಲೆಯಲ್ಲಿ ದಕಾರ ಧಕಾರಗಳ ಭೇದ, ಎಕಾರ ಒಕಾರಗಳ ಹ್ರಸ್ವದೀರ್ಘ ಭೇದ ಸ್ಪಷ್ಟವಾಗಿ ತೋರದಿರುವುದು ಸಾಮಾನ್ಯ. ಅಲ್ಲಿ ಸಂದೇಹವನ್ನು ಸಂದೇಹವಾಗಿಯೇ ಉಳಿಸುವುದು ಸಂಪಾದಕನ ಧರ್ಮ. ಯಂತ್ರಕ್ಕೆ ಸಂದೇಹವನ್ನು ಉಳಿಸುವುದೇ ಕಷ್ಟ.

ಯಂತ್ರವು ಬುದ್ಧಿಯಿಲ್ಲದೆಯೂ ತಿದ್ದಬಲ್ಲದು ಎಂಬುದಕ್ಕೆ ಒಂದು ಪ್ರಸಿದ್ಧ ದೃಷ್ಟಾಂತವಿದೆ. ೨೦೧೩ರಲ್ಲಿ ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಸೆಲ್, ಜೆರಾಕ್ಸ್ ಕಂಪೆನಿಯ ಕೆಲವು ನಕಲು ಯಂತ್ರಗಳು ಅಂಕೆಗಳನ್ನು ಬದಲಿಸುತ್ತಿವೆ, ಆರರ ಸ್ಥಾನದಲ್ಲಿ ಎಂಟನ್ನು ಮುದ್ರಿಸುತ್ತಿವೆ ಎಂದು ತೋರಿಸಿದನು. ಕಾರಣ ಮಸುಕಲ್ಲ. ಕಡತದ ಗಾತ್ರವನ್ನು ಕುಗ್ಗಿಸುವುದಕ್ಕಾಗಿ ಆ ಯಂತ್ರ ಒಂದನ್ನೊಂದು ಹೋಲುವ ಆಕೃತಿಗಳನ್ನು ಒಂದೇ ಎಂದು ಪರಿಗಣಿಸಿ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಅಚ್ಚುಕಟ್ಟಾಗಿ ಕೂರಿಸುತ್ತಿತ್ತು. ಮಸುಕಾದ ಅಕ್ಷರ ಓದುಗನನ್ನು ಎಚ್ಚರಿಸುತ್ತದೆ. ಸ್ಪಷ್ಟವಾದ ತಪ್ಪಕ್ಷರ ಅವನನ್ನು ಮಲಗಿಸುತ್ತದೆ. ಪಕಾರ, ವಕಾರ, ಷಕಾರಗಳು ಒಂದನ್ನೊಂದು ಹೋಲುವ ಲಿಪಿಯಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಹಳೆಯ ಲಿಪಿಕಾರರೇನು ನಿರ್ದೋಷಿಗಳಾಗಿರಲಿಲ್ಲ. ಆದರೆ ಅವರ ಉಪಕರಣವೇ ಅವರಿಗೆ ಒಂದು ಕಟ್ಟುಪಾಡನ್ನು ವಿಧಿಸಿತ್ತು. ಕಂಟದಿಂದ ಕೊರೆದ ಅಕ್ಷರವನ್ನು ಓಲೆಯಿಂದ ಮಾಯ ಮಾಡಲು ಬರುವುದಿಲ್ಲ. ಅದನ್ನು ಹೊಡೆದುಹಾಕಬಹುದು, ಹಂಸಪಾದವನ್ನಿಟ್ಟು ಬಿಟ್ಟುಹೋದದ್ದನ್ನು ಅಂಚಿನಲ್ಲಿ ಬರೆಯಬಹುದು. ತಪ್ಪು, ತಿದ್ದಿದ ಗುರುತು, ತಿದ್ದಿದ ಪಾಠ ಈ ಮೂರೂ ಒಟ್ಟಿಗೆ ಉಳಿಯುತ್ತಿದ್ದವು. ಕಾಗದದ ಪ್ರತಿಗಳಲ್ಲಿ ಹರಿತಾಳವನ್ನು ಬಳಿದು ಮೇಲೆ ಬರೆಯುವ ರೂಢಿ ಬಂದ ಮೇಲೆ ಈ ಅನುಕೂಲ ಸ್ವಲ್ಪ ಕುಗ್ಗಿತು. ಆದರೂ ಹಳದಿಯ ಕಲೆಯಾದರೂ ಉಳಿಯಿತು. ಗಣಕದ ದತ್ತಕೋಶದಲ್ಲಿ, ಬೇರೆ ಏರ್ಪಾಡು ಮಾಡದಿದ್ದರೆ, ಕಲೆಯೂ ಉಳಿಯುವುದಿಲ್ಲ. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ೧೯೪೮ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಅಂಥ ಮುದ್ರಿತ ಸೂಚಿಯಲ್ಲಿ ಒಂದು ನಮೂದನ್ನು ಯಾರಾದರೂ ಆಕ್ಷೇಪಿಸಬೇಕಾದರೆ ಪುಟವನ್ನು ತೆರೆದು ಬೆರಳಿಟ್ಟು ತೋರಿಸಬಹುದು. ನಿನ್ನೆ ಒಂದು ತೆರನಾಗಿಯೂ ಇಂದು ಇನ್ನೊಂದು ತೆರನಾಗಿಯೂ ಇರುವ ಸೂಚಿಯ ಮೇಲೆ ಬೆರಳಿಡುವುದು ಎಲ್ಲಿ?

ತಿದ್ದುಪಡಿಯ ಸಂಯಮಕ್ಕೆ ಈ ಶತಮಾನದ ಹೊಸ ಪಾರಿಭಾಷಿಕಗಳು ಹುಟ್ಟುವುದಕ್ಕೆ ಮೊದಲೇ ಜೈನ ವಿದ್ವಲ್ಲೋಕ ಒಂದು ದೊಡ್ಡ ಪರೀಕ್ಷೆಯನ್ನು ಎದುರಿಸಿತ್ತು. ಷಟ್‌ಖಂಡಾಗಮದ ಧವಲಾಟೀಕೆ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಮಾತ್ರ ಉಳಿದುಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಉಪಾಧ್ಯಾಯ ಮೊದಲಾದವರಿಂದ ಪ್ರತಿ ಮಾಡುವ ಕಾರ್ಯ ನಡೆಯಿತು. ಗುಟ್ಟಾಗಿ ಹೊರಬಂದ ಒಂದು ಕನ್ನಡ ಪ್ರತಿ ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ಇಳಿದು, ಅದರಿಂದ ಪ್ರತಿಯ ಪ್ರತಿಗಳು ಅಮರಾವತಿ, ಆರಾ, ಕಾರಂಜಾಗಳಿಗೆ ಹರಡಿದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಮೊದಲ ಸಂಪುಟ ಪ್ರಕಟವಾದಾಗ ಸಂಪಾದಕರ ಮುಂದೆ ಇದ್ದುದು ಈ ಪ್ರತಿಗಳೇ. ಓಲೆ ಅವರ ಕೈಗೆ ದೂರವಾಗಿತ್ತು.

ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ, ಮನುಷ್ಯಿನಿಯರ ಗುಣಸ್ಥಾನಗಳನ್ನು ಹೇಳುವೆಡೆಯಲ್ಲಿ, ಆ ಪ್ರತಿಗಳಲ್ಲಿ ‘ಸಂಜದ’ ಪದವಿರಲಿಲ್ಲ. ವೀರಸೇನರ ಟೀಕೆಯ ವಾದಸರಣಿಯನ್ನು ನೋಡಿದರೆ ಆ ಪದ ಸೂತ್ರದಲ್ಲಿ ಇರಲೇಬೇಕೆಂದು ಸಂಪಾದಕರಿಗೆ ತೋರಿತು. ಅವರು ಮಾಡಿದ್ದೇನು ಎಂಬುದು ಗಮನಾರ್ಹ. ಪದವನ್ನು ಸೂತ್ರದೊಳಗೆ ಸೇರಿಸಲಿಲ್ಲ. ಪಾಠ ಬಿಟ್ಟುಹೋಗಿರುವಂತೆ ಕಾಣುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡಬಿದಿರೆಯ ಓಲೆಯೊಂದಿಗೆ ತಾಳೆ ನೋಡುವ ಅವಕಾಶ ಒದಗಿದಾಗ ಓಲೆಯಲ್ಲಿ ಆ ಪದವಿರುವುದು ದೃಢಪಟ್ಟಿತು. ಅಷ್ಟರಿಂದ ವಿವಾದ ಶಮನವಾಗಲಿಲ್ಲ. ಸೂತ್ರ ದ್ರವ್ಯಸ್ತ್ರೀಯನ್ನು ಕುರಿತದ್ದೋ ಭಾವಸ್ತ್ರೀಯನ್ನು ಕುರಿತದ್ದೋ ಎಂಬ ಸಿದ್ಧಾಂತದ ಪ್ರಶ್ನೆಯೇ ಆ ಒಂದು ಪದದ ಮೇಲೆ ನಿಂತಿದ್ದುದರಿಂದ, ಆಗಮವನ್ನು ತಾಮ್ರಪತ್ರಗಳ ಮೇಲೆ ಕೊರೆಯಿಸುವ ಸಂದರ್ಭದಲ್ಲಿ ಪದವಿರಬೇಕೇ ಬೇಡವೇ ಎಂಬ ವಾದ ಮತ್ತೆ ತೀವ್ರವಾಯಿತು. ಉಭಯ ಪಕ್ಷದ ಪಂಡಿತರೂ ಬಹಳ ಬರೆದರು. ಆ ವಾದದ ಒಳಹೊರಗುಗಳು ಇಲ್ಲಿ ಅಪ್ರಸ್ತುತ. ವಾದ ಸಾಧ್ಯವಾದದ್ದು ಹೇಗೆ ಎಂಬುದು ಪ್ರಸ್ತುತ. ಪ್ರತಿಗಳ ಪಾಠ ಒಂದು ಕಡೆ, ಸಂಪಾದಕರ ಊಹೆ ಇನ್ನೊಂದು ಕಡೆ, ಓಲೆಯ ಸಾಕ್ಷ್ಯ ಮತ್ತೊಂದು ಕಡೆ ಬೇರೆಬೇರೆಯಾಗಿ ಉಳಿದಿದ್ದುದರಿಂದ ಸಾಧ್ಯವಾಯಿತು.

ಆ ಸ್ಥಾನದಲ್ಲಿ ಬರೆಯುವ ಅಧಿಕಾರವುಳ್ಳ ಏಜೆಂಟ್ ಇದ್ದಿದ್ದರೆ ಎರಡರಲ್ಲಿ ಒಂದಾಗುತ್ತಿತ್ತು. ಟೀಕೆಯ ಅರ್ಥವನ್ನು ಗ್ರಹಿಸಿ ಪದವನ್ನು ಸೂತ್ರಕ್ಕೆ ಸೇರಿಸಿಬಿಡುತ್ತಿತ್ತು. ಆಗ ಸರಿಯಾದ ಪಾಠವೇ ಸಿಕ್ಕುತ್ತಿದ್ದರೂ ಅದು ಸಾಕ್ಷ್ಯವಿಲ್ಲದ ಪಾಠವಾಗುತ್ತಿತ್ತು, ವಿರೋಧಿಗಳ ಆಕ್ಷೇಪಕ್ಕೆ ಉತ್ತರವಿರುತ್ತಿರಲಿಲ್ಲ. ಇಲ್ಲವೇ ಹೆಚ್ಚು ಪ್ರತಿಗಳಲ್ಲಿ ಇಲ್ಲವೆಂಬ ಕಾರಣದಿಂದ ಓಲೆಯ ಪಾಠವನ್ನೇ ಪ್ರತಿಗಳಿಗೆ ಅನುಗುಣವಾಗಿ ‘ಸರಿಪಡಿಸುತ್ತಿತ್ತು’. ಮೂರು ಪ್ರತಿಗಳೂ ಒಂದೇ ಮೂಲದಿಂದ ಇಳಿದವು, ಆದುದರಿಂದ ಅವು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ ಎಂಬ ಪ್ರತಿವಂಶದ ವಿವೇಕ ಅದಕ್ಕೆ ತಾನಾಗಿ ಬರುವಂಥದಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗೆ ಇದು ಮೊದಲ ಪಾಠ.

ಏಜೆಂಟಿಗೆ ಕಟ್ಟುನಿಟ್ಟಾದ ಸೂಚನೆ ಕೊಟ್ಟರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಸಾಲದು. ೨೦೨೫ರ ಜುಲೈ ತಿಂಗಳಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಎಂಬ ಕಂಪೆನಿಯ ಏಜೆಂಟನ್ನು ಬಳಸುತ್ತಿದ್ದಾಗ, ಯಾವ ಬದಲಾವಣೆಯನ್ನೂ ಮಾಡಕೂಡದೆಂಬ ಸ್ಪಷ್ಟ ಆದೇಶವಿದ್ದರೂ ಆ ಏಜೆಂಟ್ ಬಳಕೆಯಲ್ಲಿದ್ದ ದತ್ತಕೋಶವನ್ನೇ ಅಳಿಸಿಹಾಕಿತು. ಕೇಳಿದಾಗ ಅದನ್ನು ಮರಳಿ ಪಡೆಯುವುದು ಅಸಾಧ್ಯವೆಂದಿತು. ಆ ಮಾತೂ ಸುಳ್ಳಾಯಿತು. ದತ್ತಾಂಶ ಮರಳಿ ದೊರೆಯಿತು. ಕಂಪೆನಿ ತರುವಾಯ ಪ್ರಯೋಗದ ಕೋಶವನ್ನೂ ಬಳಕೆಯ ಕೋಶವನ್ನೂ ಪ್ರತ್ಯೇಕಿಸುವ ವ್ಯವಸ್ಥೆಯನ್ನು ಪ್ರಕಟಿಸಿತು. ಆದೇಶವೆಂಬುದು ಏಜೆಂಟಿನ ಪಾಲಿಗೆ ತಾನು ಓದುವ ಮಾತುಗಳಲ್ಲಿ ಒಂದು. ಅಧಿಕಾರವಾದರೋ ಕೋಶದ ಬಾಗಿಲಿಗೆ ಹಾಕಿದ ಬೀಗ. ಮಾತಿನಿಂದ ಬೀಗದ ಕೆಲಸವನ್ನು ಮಾಡಿಸಲಾಗದು.

ಓದುವ ಮಾತುಗಳ ವಿಷಯದಲ್ಲಿ ಇನ್ನೊಂದು ಅಪಾಯವುಂಟು. ಅಂಚಿನ ಟಿಪ್ಪಣಿಯನ್ನು ಮೂಲವೆಂದು ಭ್ರಮಿಸಿ ಒಳಗೆ ಸೇರಿಸಿದ ಲಿಪಿಕಾರರಿಂದ ಪ್ರಕ್ಷೇಪಗಳು ಹುಟ್ಟಿದವು. ಏಜೆಂಟ್ ಇದರ ವಿಲೋಮ ದೋಷಕ್ಕೆ ಒಳಗಾಗುತ್ತದೆ: ಓದುತ್ತಿರುವ ಪಠ್ಯದಲ್ಲಿರುವ ವಾಕ್ಯವನ್ನು ತನಗೆ ಕೊಟ್ಟ ಆಜ್ಞೆಯೆಂದು ತಿಳಿದು ಅದರಂತೆ ನಡೆಯಬಹುದು. ಹೊರಗಿನವರು ಕಳುಹಿಸಿದ ಕಡತವನ್ನು ಓದುವ ಏಜೆಂಟಿಗೆ ಭಂಡಾರದ ಕೋಶದಲ್ಲಿ ಬರೆಯುವ ಅಧಿಕಾರವೂ ಜೊತೆಯಲ್ಲಿ ಇರಕೂಡದೆಂಬುದಕ್ಕೆ ಇಷ್ಟು ಕಾರಣ ಸಾಕು.

ಉಪಕರಣಗಳಿಗೆ ಹಣೆಪಟ್ಟಿ ಅಂಟಿಸುವ ಪ್ರಯತ್ನವೂ ನಡೆದಿದೆ. ೨೦೨೪ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ನಿಯಮಾವಳಿಗೆ ೨೦೨೫ರಲ್ಲಿ ಸೇರಿದ ಭಾಗದಂತೆ, ಒಂದು ಉಪಕರಣ ತಾನು ಓದುವಂಥದ್ದೇ, ನಾಶಗೊಳಿಸುವಂಥದ್ದೇ ಎಂಬುದನ್ನು ತಾನೇ ಸೂಚಿಸಬಹುದು. ಆದರೆ ನಂಬತಕ್ಕ ಮೂಲದಿಂದ ಬಂದ ಹೊರತು ಅಂಥ ಸೂಚನೆಯನ್ನು ನಂಬಬಾರದೆಂದು ಅದೇ ನಿಯಮಾವಳಿ ಎಚ್ಚರಿಸುತ್ತದೆ. ಈ ಎಚ್ಚರಿಕೆ ಯುಕ್ತವಾದುದು. ಕಂಡಂತೆ ಬರೆದಿದ್ದೇನೆ, ದೋಷ ತನ್ನದಲ್ಲ ಎಂಬ ಪುಷ್ಪಿಕಾವಾಕ್ಯವನ್ನು ಮನಬಂದಂತೆ ತಿದ್ದಿದ ಲಿಪಿಕಾರರೂ ತಪ್ಪದೆ ಬರೆದಿದ್ದಾರೆ.

ಬೀಗ ಎಂದರೆ ಏನೆಂಬುದಕ್ಕೆ ಸುರಪುರ ಸೀಮೆಯ ರೈತನು ಬಲ್ಲ ಪಹಣಿಯೇ ಉದಾಹರಣೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಿಂದ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಮಾರಾಟದಿಂದಲೋ ವಿಭಾಗದಿಂದಲೋ ಹಕ್ಕು ಬದಲಾದರೆ ಅರ್ಜಿ ಬಂದ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ. ಸಾಮಾನ್ಯವಾಗಿ ನೋಟೀಸು ಹೊರಡಬೇಕು, ಆಕ್ಷೇಪಣೆಗೆ ಅವಧಿ ಕೊಡಬೇಕು, ಕಂದಾಯ ನಿರೀಕ್ಷಕರ ಆದೇಶವಾಗಬೇಕು. ಯಂತ್ರದ ಮುಂದೆ ಕೂರುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೊಗಬೇಕು. ಬದಲಾವಣೆಯ ವಹಿ ಪಹಣಿಯಿಂದ ಪ್ರತ್ಯೇಕ. ಇಷ್ಟೆಲ್ಲ ಇದ್ದೂ ತಪ್ಪುಗಳು ನುಸುಳಿ ತಹಸೀಲ್ದಾರರ ಕಚೇರಿಗೆ ರೈತರು ಅಲೆದದ್ದುಂಟು. ಆದರೆ ಅಲೆಯುವುದಕ್ಕೆ ಒಂದು ವಹಿಯಾದರೂ ಇತ್ತು. ೧೯೬೪ರ ಭೂಕಂದಾಯ ಕಾಯಿದೆಯ ೧೩೩ನೆಯ ಕಲಮು ಸುಳ್ಳೆಂದು ಸಿದ್ಧಪಡುವವರೆಗೆ ನಮೂದನ್ನು ಸತ್ಯವೆಂದೇ ಭಾವಿಸುತ್ತದೆ. ಹಸ್ತಪ್ರತಿ ಸೂಚಿಗೆ ಅಂಥ ಕಾಯಿದೆ ಇಲ್ಲದಿದ್ದರೂ ಸಂಶೋಧಕರು ಅದನ್ನು ಬಹುಮಟ್ಟಿಗೆ ಹಾಗೆಯೇ ಭಾವಿಸಿ ನಡೆಯುತ್ತಾರೆ. ಗುಂಟೆ ನೆಲಕ್ಕೆ ಇರುವ ಕಾವಲು ಆಗಮಕ್ಕೆ ಬೇಡವೇ?

ಮನುಷ್ಯನ ಒಪ್ಪಿಗೆಯೊಂದಿದ್ದರೆ ಎಲ್ಲವೂ ಸರಿಹೋಗುತ್ತದೆಂಬ ಭಾವನೆಯನ್ನೂ ಪರಿಶೀಲಿಸಬೇಕಾಗಿದೆ. ಏಜೆಂಟ್ ಒಂದೇ ದಿನದಲ್ಲಿ ಹತ್ತು ಸಾವಿರ ತಿದ್ದುಪಡಿಗಳನ್ನು ಸೂಚಿಸಿ, ಪಂಡಿತರೊಬ್ಬರನ್ನು ಪರದೆಯ ಮುಂದೆ ಕೂರಿಸಿ ಒಪ್ಪಿಗೆ ಕೇಳಿದರೆ, ಮೊದಲ ಐವತ್ತನ್ನು ಅವರು ಓದಿಯಾರು. ಉಳಿದವಕ್ಕೆ ಗುಂಡಿ ಒತ್ತಿಯಾರು. ಮೊದಲ ಐವತ್ತು ಸರಿಯಾಗಿದ್ದವೆಂಬುದೇ ಮುಂದಿನ ಅಲಕ್ಷ್ಯಕ್ಕೆ ಕಾರಣವಾಗುತ್ತದೆ. ಅಂಥ ಒಪ್ಪಿಗೆ ಒಪ್ಪಿಗೆಯಲ್ಲ. ಯಂತ್ರದ ಹೊಣೆಯನ್ನು ಮನುಷ್ಯನ ಹೆಸರಿಗೆ ವರ್ಗಾಯಿಸುವ ವಿಧಾನ. ಒಬ್ಬ ವಿದ್ವಾಂಸ ದಿನಕ್ಕೆ ಎಷ್ಟನ್ನು ಓಲೆಯ ಛಾಯಾಪ್ರತಿಯ ಪಕ್ಕದಲ್ಲಿಟ್ಟು ತಾಳೆ ನೋಡಬಲ್ಲರೋ ಅಷ್ಟನ್ನು ಮಾತ್ರ ಏಜೆಂಟ್ ಮುಂದಿಡುವಂತೆ ಮಿತಿ ಹಾಕಬೇಕು. ಉಳಿದವು ಸಲಹೆಗಳಾಗಿ ಬೇರೆ ಕೋಶದಲ್ಲಿ ಕಾಯಲಿ. ವರ್ಷಗಟ್ಟಲೆ ಕಾದರೂ ಬಾಧಕವಿಲ್ಲ. ಓದುಗರಿಗೆ ಹುಡುಕಾಟದ ಅನುಕೂಲ ಬೇಕಾದರೆ ಮೌನುದ್ದೀನ ಎಂದು ಕೇಳಿದವರಿಗೆ ಮೌನೇಶ್ವರ ಎಂಬ ನಮೂದೂ ಕಾಣುವಂತೆ ಕೊಂಡಿ ಹಾಕಿದರಾಯಿತು. ಅದಕ್ಕಾಗಿ ಹೆಸರನ್ನೇ ಬದಲಿಸಬೇಕಿಲ್ಲ. ಇನ್ನು ಅಳಿಸುವ ಉಪಕರಣವನ್ನು ಏಜೆಂಟಿಗೆ ಕೊಡುವ ಪ್ರಸಂಗವೇ ಹಸ್ತಪ್ರತಿ ಭಂಡಾರದಲ್ಲಿ ಉದ್ಭವಿಸುವುದಿಲ್ಲ. ಮುನಿಚರ್ಯೆಯಲ್ಲಿ ಆದಾನ-ನಿಕ್ಷೇಪಣ ಸಮಿತಿ ಎಂಬುದೊಂದಿದೆ; ಶಾಸ್ತ್ರವೆಂಬ ಜ್ಞಾನೋಪಕರಣವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಪಿಂಛಿಯಿಂದ ಮಾರ್ಜನ ಮಾಡಿಯೇ ಎತ್ತಬೇಕು, ಇಡಬೇಕು. ಎತ್ತುವುದಕ್ಕೆ ಒಂದು ಉಪಕರಣ, ಸಂಯಮಕ್ಕೆ ಇನ್ನೊಂದು ಉಪಕರಣ ಎಂಬ ಆ ವ್ಯವಸ್ಥೆಯನ್ನು ಯಂತ್ರನಿರ್ಮಾಪ�ಕರು ಅರಿತಿದ್ದರೆ ಇಷ್ಟು ಚರ್ಚೆ ಬೇಕಾಗುತ್ತಿರಲಿಲ್ಲವೇನೋ.

ಇದಕ್ಕೆ ಪ್ರತಿಯಾಗಿ, ಯಂತ್ರವನ್ನು ಭಂಡಾರದ ಹೊಸ್ತಿಲಿಗೂ ಬರಗೊಡಬಾರದೆಂಬ ವಾದ ಕೆಲವು ಪಂಡಿತರಲ್ಲಿದೆ. ಗೆದ್ದಲು ಅಷ್ಟು ಕಾಲ ಕಾಯುವುದಿಲ್ಲ. ಮೂಡಬಿದಿರೆಯ ಓಲೆ ಉಳಿದಿದ್ದುದರಿಂದ ‘ಸಂಜದ’ ಪದದ ವಿಷಯ ತೀರ್ಮಾನಕ್ಕೆ ಬಂದಿತು. ಎಲ್ಲ ಕಟ್ಟುಗಳಿಗೂ ಆ ಭಾಗ್ಯವಿಲ್ಲ. ಓಲೆ ಪುಡಿಯಾದ ಮೇಲೆ ಛಾಯಾಪ್ರತಿಯೂ ಅದರ ಲಿಪ್ಯಂತರವೂ ಮಾತ್ರ ಸಾಕ್ಷಿಗಳಾಗಿ ಉಳಿಯುತ್ತವೆ. ಓದಲು ಯಂತ್ರ ಬೇಕು. ಓದಿದ್ದನ್ನು ಮೂಲದ ಮೇಲೆ ಬರೆಯದಂತೆ ತಡೆಯುವ ಏರ್ಪಾಡೂ ಬೇಕು.

ಸದ್ಯದ ಸೂಚಿಗಳಲ್ಲಿ ಗ್ರಂಥಕರ್ತೃ, ಲಿಪಿಕಾರ, ಲೇಖನಕಾಲ, ಸ್ಥಳ ಎಂಬ ಅಂಕಣಗಳಿವೆ. ಯಂತ್ರ ಮುಟ್ಟಿದ ಪ್ರತಿ ನಮೂದಿಗೂ ಇನ್ನೊಂದು ಅಂಕಣ ಸೇರಬೇಕು: ಯಾವ ಏಜೆಂಟ್, ಅದರ ಯಾವ ಆವೃತ್ತಿ, ಯಾರ ಆದೇಶದಂತೆ, ಯಾವ ದಿನ, ಹಿಂದಿನ ಯಾವ ಪಾಠದ ಸ್ಥಾನದಲ್ಲಿ ಯಾವ ಪಾಠವನ್ನು ಸೂಚಿಸಿತು, ಯಾರು ತಾಳೆ ನೋಡಿದರು. ಯಂತ್ರಕ್ಕೂ ಲಿಪಿಕಾರನ ಸ್ಥಾನ ಸಲ್ಲುವುದಾದರೆ ಲಿಪಿಕಾರನ ಪುಷ್ಪಿಕೆಯೂ ಸಲ್ಲಲಿ. ಆದರೆ ಆ ಅಂಕಣವನ್ನು ತುಂಬುವ ಅಧಿಕಾರ ಏಜೆಂಟಿಗಿರಕೂಡದು. ಅದರ ಕೈಗೆಟುಕದ ಬೇರೊಂದು ವಹಿಯಲ್ಲಿ, ಭಂಡಾರದ ವ್ಯವಸ್ಥೆಯೇ ಅದನ್ನು ಬರೆದುಕೊಳ್ಳಬೇಕು.